ವೃದ್ಧಾಶ್ರಮದಲ್ಲಿ ಸಮುದಾಯ ಜೀವನ: ಊಟದ ಪಂಕ್ತಿಯಿಂದ ಆಚೆಗೆ

ವೃದ್ಧಾಶ್ರಮದ ಸಮುದಾಯ ಜೀವನವೆಂದರೆ ಅಲ್ಲಿನ ನಿವಾಸಿಗಳು ತಮ್ಮತಮ್ಮೊಳಗೆ, ಸಿಬ್ಬಂದಿಯೊಂದಿಗೆ ಮತ್ತು ಸುತ್ತಲಿನ ಊರಿನೊಂದಿಗೆ ಇಟ್ಟುಕೊಂಡಿರುವ ಒಡನಾಟ. ಊಟ, ಔಷಧಿ, ಹಾಸಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ಒಡನಾಟವಿಲ್ಲದಿದ್ದರೆ ಆಶ್ರಮ ಬರೀ ತಂಗುದಾಣವಾಗುತ್ತದೆ. ಯಶವಂತಪುರ, ಮತ್ತಿಕೆರೆ, ಹೆಬ್ಬಾಳ, ಯಲಹಂಕಗಳ ಉತ್ತರ ಬೆಂಗಳೂರಿನಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳನ್ನೂ ಪೀಣ್ಯದ ಕೈಗಾರಿಕೆಗಳನ್ನೂ ನಂಬಿ ಇಲ್ಲಿಗೆ ಬಂದು ನೆಲೆಸಿದ ತಲೆಮಾರು ಈಗ ಮುಪ್ಪಿಗೆ ಕಾಲಿಟ್ಟಿದೆ. ಹಲವರ ಮಕ್ಕಳು ದೂರದ ಊರುಗಳಲ್ಲಿ, ಹೊರದೇಶಗಳಲ್ಲಿ ಇದ್ದಾರೆ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು.

ಕಾನೂನು ಈ ವಿಷಯವನ್ನು ಪೂರ್ತಿ ಮರೆತಿಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಜಿಲ್ಲೆಗೊಂದರಂತಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ತೆರೆಯಬಹುದು. ಅವುಗಳ ಆಡಳಿತದ ಯೋಜನೆಯಲ್ಲಿ ವೈದ್ಯಕೀಯ ಆರೈಕೆಯ ಜೊತೆಗೆ ಮನರಂಜನೆಯನ್ನೂ ಕಾಯ್ದೆ ಹೆಸರಿಸುತ್ತದೆ. ವಿಶ್ವಸಂಸ್ಥೆ 1991ರಲ್ಲಿ ಒಪ್ಪಿದ ತತ್ತ್ವಗಳು ಇದಕ್ಕಿಂತ ಮುಂದೆ ಹೋಗುತ್ತವೆ. ಸ್ವಾವಲಂಬನೆ, ಪಾಲ್ಗೊಳ್ಳುವಿಕೆ, ಆರೈಕೆ, ಆತ್ಮಸಾಫಲ್ಯ, ಘನತೆ ಎಂಬ ಐದು ತಲೆಬರಹಗಳಡಿ ಅವು ಹಿರಿಯರ ಹಕ್ಕುಗಳನ್ನು ಜೋಡಿಸುತ್ತವೆ. ವೃದ್ಧಾಶ್ರಮದ ಚಟುವಟಿಕೆಗಳನ್ನು ತೂಗಲು ಮನರಂಜನೆಗಿಂತ ಪಾಲ್ಗೊಳ್ಳುವಿಕೆಯೇ ಸರಿಯಾದ ಅಳತೆ. ಒಂದು ಕಾರ್ಯಕ್ರಮದಲ್ಲಿ ನಿವಾಸಿಗೆ ಮಾಡಲು ಏನಿದೆ, ಬೇಡವೆನ್ನಲು ಎಷ್ಟು ಅವಕಾಶವಿದೆ ಎಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ.

ಬೆಂಗಳೂರಿನ ಆಶ್ರಮಗಳಲ್ಲಿ ಹೆಚ್ಚು ಕಾಣುವ ಪದ್ಧತಿ ಊಟದ ಸೇವೆ. ಹುಟ್ಟುಹಬ್ಬ, ಮದುವೆಯ ವಾರ್ಷಿಕ, ಹಿರಿಯರ ಪುಣ್ಯತಿಥಿಯ ದಿನ ಕುಟುಂಬವೊಂದು ಒಂದು ಹೊತ್ತಿನ ಊಟದ ಖರ್ಚು ವಹಿಸಿಕೊಂಡು, ಬಂದು ಬಡಿಸಿ, ಆಶೀರ್ವಾದ ಪಡೆದು ಹೋಗುತ್ತದೆ. ಬಾಡಿಗೆ ಮನೆಗಳಲ್ಲಿ ನಡೆಯುವ ಸಣ್ಣ ಟ್ರಸ್ಟುಗಳ ಅಡುಗೆಮನೆಗೆ ಇಂಥ ದಾನ ದೊಡ್ಡ ಆಸರೆ. ಅನ್ನದಾನವನ್ನು ಪುಣ್ಯವೆಂದು ನಂಬುವ ನಾಡಿನಲ್ಲಿ ಈ ಪದ್ಧತಿ ಬೇರೂರಿರುವುದು ಸಹಜ. ಆ ಕುಟುಂಬಗಳ ಮಕ್ಕಳು ಬಂದು ಹೋಗುವುದರಿಂದ ಆಶ್ರಮದಲ್ಲಿ ಗೆಲುವು ಮೂಡುವುದೂ ನಿಜ. ಆದರೆ ಭಾನುವಾರ ಒಂದಕ್ಕಿಂತ ಹೆಚ್ಚು ಗುಂಪುಗಳು ಬಂದು, ವಾರದ ಉಳಿದ ದಿನ ಯಾರೂ ಬಾರದಿದ್ದರೆ ನಿವಾಸಿಗಳಿಗೆ ಸಿಗುವುದು ಅಪರಿಚಿತರ ಸಾಲು ಮಾತ್ರ. ಫೋಟೊ ಮುಗಿಯುವವರೆಗೆ ತಟ್ಟೆಯ ಮುಂದೆ ಕಾಯುವುದು, ಸಕ್ಕರೆ ಕಾಯಿಲೆಯವರ ಮುಂದೆ ಮತ್ತೆ ಮತ್ತೆ ಕೇಕು ಬರುವುದು ಈ ಸೇವೆಯ ಬೆಲೆಯನ್ನು ತಗ್ಗಿಸುತ್ತವೆ. ದಾನಿಗಳು ಬಡಿಸಿದ ಮೇಲೆ ಅದೇ ಪಂಕ್ತಿಯಲ್ಲಿ ಕೂತು ಉಂಡರೆ, ಕೇಳದೆ ಫೋಟೊ ತೆಗೆಯದಿದ್ದರೆ, ವರ್ಷಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ ಬಂದು ಇಬ್ಬರು ಮೂವರ ಹೆಸರು ಹಿಡಿದು ಮಾತಾಡಿಸಿದರೆ ಇದೇ ಪದ್ಧತಿ ನಂಟಾಗಿ ಬೆಳೆಯುತ್ತದೆ.

ಹಬ್ಬಗಳು ಇದಕ್ಕಿಂತ ಫಲವತ್ತಾದ ನೆಲ. ಗೌರಿ-ಗಣೇಶ, ದಸರಾ ಬೊಂಬೆ, ರಾಜ್ಯೋತ್ಸವ, ಸಂಕ್ರಾಂತಿಯ ಎಳ್ಳು-ಬೆಲ್ಲ ಆಶ್ರಮಗಳ ವರ್ಷಕ್ಕೊಂದು ಲಯ ಕೊಡುತ್ತವೆ. ಇಲ್ಲಿ ಹಬ್ಬದ ದಿನಕ್ಕಿಂತ ಅದರ ಹಿಂದಿನ ತಯಾರಿಯ ದಿನಗಳು ಮುಖ್ಯ. ಬೊಂಬೆಗಳನ್ನು ಯಾವ ಮೆಟ್ಟಿಲಲ್ಲಿ ಇಡಬೇಕೆಂದು ಹೇಳುವುದು, ಕೊಬ್ಬರಿ ಹೆಚ್ಚುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು ವಯಸ್ಸಾದ ಕೈಗಳಿಗೂ ಒಗ್ಗುವ ಕೆಲಸಗಳು. ಚಳಿಗಾಲದಲ್ಲಿ ಯಶವಂತಪುರದ ಮಾರುಕಟ್ಟೆಗೆ ಅವರೆಕಾಯಿ ಬಂದಾಗ ನಾಲ್ಕೈದು ಮಂದಿ ಸುತ್ತ ಕೂತು ಕಾಯಿ ಸುಲಿದು, ನೆನೆಸಿದ ಕಾಳು ಹಿತುಕುವ ಹೊತ್ತಿನಲ್ಲಿ ನಡೆಯುವ ಮಾತುಕತೆ ಯಾವ ಮನರಂಜನಾ ಕಾರ್ಯಕ್ರಮಕ್ಕೂ ಕಡಿಮೆಯಲ್ಲ. ಅಂದಿನ ಸಾರಿನಲ್ಲಿ ತಮ್ಮ ಕೈಯೂ ಇದೆಯೆಂಬ ತೃಪ್ತಿ ಅವರಿಗೆ ಸಿಗುತ್ತದೆ. ಇಂಥ ಕೆಲಸಕ್ಕೆ ಇಷ್ಟವಿದ್ದವರು ಮಾತ್ರ ಸೇರಬೇಕು. ಅದು ಸಂಬಳದ ಸಿಬ್ಬಂದಿಯ ಕೊರತೆ ತುಂಬುವ ದಾರಿಯಾಗಬಾರದು.

ಭಜನೆ ಮತ್ತು ಟಿವಿ ದಿನದ ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತವೆ. ಒಟ್ಟಿಗೆ ಹಾಡುವುದರಿಂದ ಉಸಿರಾಟಕ್ಕೂ ನೆನಪಿಗೂ ಒಳ್ಳೆಯ ಕಸರತ್ತು ಸಿಗುತ್ತದೆ. ಹಾಡು ಬರುವವರಿಗೆ ಮನ್ನಣೆಯೂ ದೊರೆಯುತ್ತದೆ. ಆದರೆ ಯಶವಂತಪುರದಂಥ ಕಡೆ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಮನೆಮಾತಿನವರೂ ಇದ್ದಾರೆ. ಹಲವು ಧರ್ಮಗಳವರಿದ್ದಾರೆ, ದೇವರಲ್ಲಿ ಆಸಕ್ತಿಯಿಲ್ಲದವರೂ ಇದ್ದಾರೆ. ಭಜನೆಗೆ ಕೂರುವುದು ಕಡ್ಡಾಯವಾದರೆ ಅದು ಇವರನ್ನು ಹೊರಗಿಡುತ್ತದೆ. ಟಿವಿಯ ಮುಂದೆ ಸಾಲಾಗಿ ಕೂತವರ ನಡುವೆ ಮಾತು ಹುಟ್ಟುವುದು ಕಡಿಮೆ. ಚೌಕಾಬಾರ, ಅಳಗುಳಿಮಣೆ, ಕೇರಂ, ಒಬ್ಬರು ಓದಿ ಹತ್ತು ಜನ ಕೇಳುವ ಪತ್ರಿಕೆ ಮಾತನ್ನು ಎಳೆದು ತರುತ್ತವೆ. ಕಾರ್ಖಾನೆಯಲ್ಲಿ ದುಡಿದ ಗಂಡಸರು ಹಾಡು-ಪೂಜೆಗಳಿಂದ ದೂರ ಉಳಿದರೆ ಅವರನ್ನು ಒಂಟಿ ಸ್ವಭಾವದವರೆಂದು ಬಿಟ್ಟುಬಿಡುವುದು ಸರಿಯಲ್ಲ. ಗಡಿಯಾರ, ರೇಡಿಯೊ ರಿಪೇರಿ, ಕೈತೋಟ, ಪುಸ್ತಕಗಳ ಲೆಕ್ಕ ಅವರನ್ನು ಮತ್ತೆ ಕೂಡಿಸಬಲ್ಲವು.

ಆಯ್ಕೆಯ ಮಹತ್ವಕ್ಕೆ ಹಳೆಯ ಆಧಾರವಿದೆ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಆರೈಕೆ ಮನೆಯೊಂದರ ಒಂದು ಗುಂಪಿಗೆ ಗಿಡವನ್ನು ತಾವೇ ನೋಡಿಕೊಳ್ಳುವ, ಸಿನಿಮಾ ನೋಡುವ ದಿನವನ್ನು ತಾವೇ ಆರಿಸುವ ಹೊಣೆ ಕೊಡಲಾಯಿತು. ಇನ್ನೊಂದು ಗುಂಪಿಗೆ ಅವೇ ಸೌಲಭ್ಯಗಳನ್ನು ಸಿಬ್ಬಂದಿ ಒದಗಿಸಿದರು. ಹೊಣೆ ಹೊತ್ತವರಲ್ಲಿ ಚುರುಕೂ ಪಾಲ್ಗೊಳ್ಳುವಿಕೆಯೂ ಹೆಚ್ಚಾದವು. ಅಧ್ಯಯನ ಸಣ್ಣದಾದರೂ ಅದರ ಪಾಠವನ್ನು ಅನುಸರಿಸಲು ಹೆಚ್ಚು ಹಣ ಬೇಕಿಲ್ಲ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೈಕೆ ಮನೆಯೊಂದರಲ್ಲಿ ಬಿಲ್ ಥಾಮಸ್ ಎಂಬ ವೈದ್ಯರು ಒಂಟಿತನ, ಅಸಹಾಯಕತೆ, ಬೇಸರ ಎಂಬ ಮೂರನ್ನು ರೋಗಗಳಂತೆಯೇ ಕಂಡು ಹಕ್ಕಿ, ನಾಯಿ, ಬೆಕ್ಕು, ಗಿಡಗಳನ್ನು ಒಳಗೆ ತಂದರು. ನಮ್ಮಲ್ಲಿ ತಿಂಗಳಿಗೊಮ್ಮೆ ನಿವಾಸಿಗಳ ಸಭೆ ಸೇರಿಸಿ ತಿಂಡಿಯ ಪಟ್ಟಿ, ಟಿವಿಯ ಹೊತ್ತು, ಹೊರಗೆ ಹೋಗುವ ಜಾಗಗಳನ್ನು ಅವರೇ ತೀರ್ಮಾನಿಸುವಂತೆ ಮಾಡಿದರೆ ಒಳ್ಳೆಯ ಆರಂಭವಾದೀತು.

ಕಿವಿ ಮಂದವಾದವರು, ಗಾಲಿಕುರ್ಚಿಯಲ್ಲಿರುವವರು, ಮರೆವಿನ ಕಾಯಿಲೆಯವರು ಗುಂಪಿನ ಕಾರ್ಯಕ್ರಮಗಳಲ್ಲಿ ಸುಲಭವಾಗಿ ಅಂಚಿಗೆ ಸರಿಯುತ್ತಾರೆ. ಮೈಕಿನ ಗದ್ದಲದ ದೊಡ್ಡ ಸಭೆಗಿಂತ ಮೂರು ನಾಲ್ಕು ಜನರ ಕೂಟ ಇವರಿಗೆ ಹಿತ. ಮರೆವು ಇರುವವರಿಗೆ ಬಟ್ಟೆ ಮಡಿಸುವುದು, ಹಳೆಯ ಚಿತ್ರಗೀತೆ ಕೇಳುವುದು ಸಮಾಧಾನ ಕೊಡುತ್ತದೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಆರೈಕೆ ಕೇಂದ್ರದಲ್ಲಿರುವ ವೆಂಕೋಬ್ ರಾವ್ ಮಗನ ಜೊತೆ ಹೊರಗೆ ಹೋದ ದಿನ ಕಾಣೆಯಾಗುತ್ತಾರೆ. ವ್ಯವಸ್ಥಾಪಕರ ಮನಸ್ಸಿನಲ್ಲಿರುವ ಭಯವೂ ಇದೇ. ಜಾರಿ ಬೀಳುವ, ದಾರಿ ತಪ್ಪುವ ಅಪಾಯ ನಿಜವಾದದ್ದು. ಆಯಾಗಳ ಸಂಖ್ಯೆಯೂ ಕಡಿಮೆ. ಹಾಗೆಂದು ಗಟ್ಟಿಮುಟ್ಟಾಗಿರುವವರನ್ನೂ ಗೇಟಿನೊಳಗೆ ಕೂಡಿಹಾಕುವುದು ನ್ಯಾಯವಲ್ಲ. ಯಾರಿಗೆ ಎಷ್ಟು ಆಸರೆ ಬೇಕೆಂದು ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸಬೇಕು.

ಹೊರಗಿನ ಊರು ಅಷ್ಟೇನೂ ದೂರವಿಲ್ಲ. ಯಶವಂತಪುರಕ್ಕೆ 2014ರಲ್ಲಿ ಮೆಟ್ರೊ ಬಂತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚಿಲ್ಲ. ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ನಡೆದಾಡಲು ಜಾಗವಿದೆ. ಮಲ್ಲೇಶ್ವರದ ಕಡಲೆಕಾಯಿ ಪರಿಷೆ ಹತ್ತಿರವಿದೆ. ಊರು ಒಳಗೆ ಬರುವ ದಾರಿಯೂ ಇದೆ. ನೆದರ್‌ಲೆಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ಮನೆಯಲ್ಲಿ ವಿದ್ಯಾರ್ಥಿಗಳು ಬಾಡಿಗೆಯಿಲ್ಲದೆ ಉಳಿದು, ಬದಲಿಗೆ ತಿಂಗಳಿಗೆ 30 ಗಂಟೆ ಹಿರಿಯರೊಂದಿಗೆ ಕಳೆಯುತ್ತಾರೆ. ಕಾಲೇಜು, ಪಿಜಿಗಳಿಂದ ತುಂಬಿದ ಮತ್ತಿಕೆರೆ-ಯಶವಂತಪುರದಲ್ಲಿ ವಾರಕ್ಕೊಂದು ಸಂಜೆಯ ಮಟ್ಟಿಗಾದರೂ ಇಂಥ ಹೊಂದಿಕೆ ಅಸಾಧ್ಯವಲ್ಲ.

ಒಟ್ಟಾರೆ ನೋಡಿದರೆ, ಈಗಿನ ಪದ್ಧತಿಯ ಬಲವಿರುವುದು ಜನರ ಉದಾರತೆಯಲ್ಲಿ. ಅದರ ದೌರ್ಬಲ್ಯವೆಂದರೆ ಹಿರಿಯರನ್ನು ಪಡೆಯುವವರನ್ನಾಗಿ ಮಾತ್ರ ಕಾಣುವುದು. ವೃದ್ಧಾಶ್ರಮಕ್ಕೆ ತಂದೆತಾಯಿಯನ್ನು ಸೇರಿಸುವವರು ಕೋಣೆ, ಊಟ, ಶುಲ್ಕಗಳ ಜೊತೆಗೆ ಇನ್ನೂ ಮೂರು ವಿಷಯ ಕೇಳಿ ತಿಳಿಯಬೇಕು: ಇಲ್ಲಿನವರು ಯಾವ ಕೆಲಸದಲ್ಲಿ ಕೈಜೋಡಿಸುತ್ತಾರೆ, ಯಾವ ತೀರ್ಮಾನಗಳಲ್ಲಿ ಅವರ ಮಾತು ನಡೆಯುತ್ತದೆ, ವಾರದಲ್ಲಿ ಎಷ್ಟು ಸಲ ಗೇಟಿನಾಚೆ ಹೋಗುತ್ತಾರೆ. ಈ ಮೂರಕ್ಕೂ ನೇರ ಉತ್ತರ ಕೊಡಬಲ್ಲ ಆಶ್ರಮವನ್ನೇ ಆರಿಸಬೇಕು. ಸರ್ಕಾರದ ತಪಾಸಣೆಯೂ ಇವನ್ನು ಕೇಳಬೇಕು.