ಅವನತಿಯೆಂಬ ಆರೋಪ: ಇಷರ್‌ವುಡ್ಡನ ಬರ್ಲಿನ್

ಸಮಾಜದ ನೀತಿ ಸಡಿಲವಾದಾಗ ರಾಜಕೀಯದಲ್ಲಿ ಉಗ್ರವಾದ ತಲೆಯೆತ್ತುತ್ತದೆ ಎಂಬ ಮಾತು ಬಹುಕಾಲದಿಂದ ಸಿದ್ಧಾಂತದ ಪದವಿಯನ್ನು ಅನುಭವಿಸುತ್ತಿದೆ. ರೋಮಿನ ಪತನವನ್ನು ಅದರ ಭೋಗಲಾಲಸೆಯ ಕೊರಳಿಗೆ ಕಟ್ಟಿದಂತೆ, ಹಿಟ್ಲರನ ಉದಯವನ್ನು 1920ರ ದಶಕದ ಬರ್ಲಿನ್ನಿನ ವಿಲಾಸಕ್ಕೆ ಕಟ್ಟುವವರುಂಟು. ಅವರು ಸಾಕ್ಷಿಯಾಗಿ ನಿಲ್ಲಿಸುವ ಕೃತಿಗಳಲ್ಲೊಂದು ಕ್ರಿಸ್ಟಫರ್ ಇಷರ್‌ವುಡ್ಡನ ‘ಗುಡ್‌ಬೈ ಟು ಬರ್ಲಿನ್’ (1939). ಆ ಸಾಕ್ಷಿ ನಿಜವಾಗಿ ನುಡಿಯುವುದೇನೆಂಬುದನ್ನು ಪರೀಕ್ಷಿಸುವುದು ಉಚಿತ.

ಈ ಕೃತಿ ಲೋಕಪ್ರಸಿದ್ಧವಾದುದು ಬಹುಮಟ್ಟಿಗೆ ‘ಕ್ಯಾಬರೆ’ ಎಂಬ ಸಂಗೀತನಾಟಕದಿಂದ (1966) ಮತ್ತು ಚಲನಚಿತ್ರದಿಂದ (1972). ಚಿತ್ರದ ಕೊನೆಯಲ್ಲಿ ರಂಗದ ಮೇಲಿನ ವಿನೋದವನ್ನು ನೋಡುತ್ತ ನಾಜಿಗಳು ಕುಳಿತಿರುತ್ತಾರೆ. ಕಲೆಯ ದೃಷ್ಟಿಯಿಂದ ಇದು ಪರಿಣಾಮಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ವಸ್ತುಗಳು ಒಂದೆಡೆ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಮೂಲಕೃತಿಯ ನೋಟವೇ ಬೇರೆ. ಗಾಯಕಿ ಸ್ಯಾಲಿ ಬೌಲ್ಸಳ ಸ್ವಚ್ಛಂದ ಬಾಳು ಮುಖ್ಯವಾಗಿ ಅವಳನ್ನೇ ನೋಯಿಸುತ್ತದೆ. ಅದು ಯಾವ ಪಕ್ಷವನ್ನೂ ಬೆಳೆಸುವುದಿಲ್ಲ. ಬಾಡಿಗೆದಾರಳಾದ ಮಾಯರ್ ಎಂಬ ರಂಗಗಾಯಕಿ ನಾಜಿ ಪಕ್ಷಪಾತಿಯೇನೋ ಹೌದು. ಆದರೆ ಅವಳನ್ನು ಅತ್ತ ಸೆಳೆದುದು ಸ್ವೈರವೃತ್ತಿಯಲ್ಲ, ಯೆಹೂದ್ಯದ್ವೇಷ. ಎಲ್ಲರಿಗಿಂತ ಗಮನಾರ್ಹಳಾದವಳು ಮನೆಯೊಡತಿ ಶ್ರೋಡರ್. ಯುದ್ಧ ಮತ್ತು ಹಣದುಬ್ಬರಗಳಿಗೆ ಮೊದಲು ಆಳನ್ನಿಟ್ಟುಕೊಂಡು ಬಾಳಿದವಳು, ಈಗ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಜೀವಿಸುತ್ತಾಳೆ. ಕಳೆದ ಚುನಾವಣೆಯಲ್ಲಿ ಕಮ್ಯುನಿಸ್ಟರಿಗೆ ಮತ ಹಾಕಿದ್ದ ಅವಳೇ ಕೃತಿಯ ಕೊನೆಗೆ ಹೊಸ ನಾಯಕನ ಹೆಸರನ್ನು ಭಕ್ತಿಯಿಂದ ಉಚ್ಚರಿಸತೊಡಗುತ್ತಾಳೆ. ಇಷರ್‌ವುಡ್ ಇಲ್ಲಿ ತೋರಿಸುವುದು ಭೋಗಿಯ ಪತನವನ್ನಲ್ಲ, ಸಾಧುಗೃಹಿಣಿಯ ಹೊಂದಿಕೆಯನ್ನು.

ಚರಿತ್ರೆಯ ಅಂಕಿಗಳೂ ಇದನ್ನೇ ಸಮರ್ಥಿಸುತ್ತವೆ. 1923ರ ನವೆಂಬರಿನಲ್ಲಿ ಒಂದು ಡಾಲರಿನ ಬೆಲೆ 4.2 ಲಕ್ಷ ಕೋಟಿ ಮಾರ್ಕುಗಳಿಗೇರಿ, ಮಧ್ಯಮವರ್ಗದ ಉಳಿತಾಯ ಮಣ್ಣುಪಾಲಾಯಿತು. ಅನಂತರ ಬಂದ ನೆಮ್ಮದಿಯ ವರ್ಷಗಳಲ್ಲೇ ಬರ್ಲಿನ್ನಿನ ರಾತ್ರಿಜೀವನ ಉಚ್ಛ್ರಾಯದಲ್ಲಿತ್ತು. 1928ರಲ್ಲಿ ನಾಜಿಗಳಿಗೆ ದೊರೆತ ಮತ ಶೇಕಡ 2.6. ಆರ್ಥಿಕ ಕುಸಿತದಿಂದ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷವನ್ನು ಮುಟ್ಟಿದ ವರ್ಷವಾದ 1932ರ ಜುಲೈನಲ್ಲಿ ಅದು ಶೇಕಡ 37.3ಕ್ಕೇರಿತು. ಆಗಲೂ ‘ಪಾಪದ ನಗರ’ ಬರ್ಲಿನ್ನಿನಲ್ಲಿ ಅವರ ಪಾಲು ಶೇಕಡ 30ನ್ನು ತಲುಪಲಿಲ್ಲ. ರೈತಾಪಿ ನಾಡಾದ ಷ್ಲೆಸ್ವಿಗ್-ಹಾಲ್‌ಸ್ಟೈನಿನಲ್ಲಿ ಶೇಕಡ 51ಕ್ಕೆ ಮುಟ್ಟಿತು.

ಆದರೂ ಅವನತಿವಾದದಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಚಿಕ್ಕ ಊರುಗಳ ಜನ ರಾಜಧಾನಿಯನ್ನು ಕಂಡು ಪಟ್ಟ ಭಯ, ಜುಗುಪ್ಸೆಗಳು ನಿಜವಾದವು. ಉಗ್ರವಾದಿಗಳು ಆ ಭಯವನ್ನೇ ಬಂಡವಾಳ ಮಾಡಿಕೊಂಡರು. 1933ರ ಮೇ 6ರಂದು ಅವರು ಮಾಗ್ನುಸ್ ಹಿರ್ಷ್‌ಫೆಲ್ಡನ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ಸೂರೆಗೈದರು. ನಾಲ್ಕು ದಿನಗಳಲ್ಲಿ ಅದರ ಪುಸ್ತಕಗಳು ಬೆಂಕಿಗೆ ಬಿದ್ದವು. 1937ರಲ್ಲಿ ಮ್ಯೂನಿಕ್ಕಿನಲ್ಲಿ ನವ್ಯಚಿತ್ರಗಳನ್ನು ‘ಅವನತ ಕಲೆ’ಯೆಂದು ಪ್ರದರ್ಶಿಸಿ ಹಂಗಿಸಿದರು. ಹೀಗಿರುವಾಗ, ಅವನತಿಯಿಂದ ನಾಜಿವಾದ ಹುಟ್ಟಿತೆನ್ನುವ ವಿಮರ್ಶಕ ಅರಿಯದೆ ಆರೋಪಿಯ ಹೇಳಿಕೆಯನ್ನೇ ತೀರ್ಪೆಂದು ಓದಿದಂತಾಗುತ್ತದೆ.

ಹಾಗಾದರೆ ಕೊಳೆತುದು ಯಾವುದು? ‘ಯಥಾ ರಾಜಾ ತಥಾ ಪ್ರಜಾ’ ಎಂಬ ಹಿರಿಯರ ಮಾತು ಇಲ್ಲಿ ದಾರಿ ತೋರುತ್ತದೆ. 1930ರಿಂದ ಸಂಸತ್ತಿನ ಬಹುಮತವಿಲ್ಲದೆ ಅಧ್ಯಕ್ಷನ ತುರ್ತು ಆಜ್ಞೆಗಳಿಂದ ಆಡಳಿತ ನಡೆಯಿತು. 1932ರ ಜುಲೈ 20ರಂದು ಪಾಪೆನ್ ಪ್ರಷ್ಯದ ಸರ್ಕಾರವನ್ನು ಪದಚ್ಯುತಗೊಳಿಸಿದ. ನವೆಂಬರಿನಲ್ಲಿ ನಾಜಿ ಮತ ಶೇಕಡ 33.1ಕ್ಕೆ ಇಳಿದಿದ್ದರೂ, 1933ರ ಜನವರಿ 30ರಂದು ಹಿಂಡೆನ್‌ಬರ್ಗ್ ಹಿಟ್ಲರನನ್ನು ಪ್ರಧಾನಿಯನ್ನಾಗಿ ನೇಮಿಸಿದ. ಬಾಗಿಲನ್ನು ತೆರೆದವರು ಕುಣಿಯುವವರಲ್ಲ, ಸಂಪ್ರದಾಯನಿಷ್ಠರಾದ ಗಣ್ಯರು.

ಊರು ಬಿಟ್ಟು ಮಹಾನಗರಗಳಲ್ಲಿ ನೆಲಸಿ, ‘ಪೇಟೆ ಕೆಟ್ಟಿತು, ಕಾಲ ಕೆಟ್ಟಿತು’ ಎಂಬ ನುಡಿಯನ್ನು ಪದೇ ಪದೇ ಕೇಳಿರುವ ಓದುಗರಿಗೆ ಈ ಕೃತಿ ಒಂದು ವಿವೇಕವನ್ನು ಕಲಿಸುತ್ತದೆ. ಅವನತಿಯ ಕೂಗು ಎದ್ದಾಗ ನರ್ತನಶಾಲೆಯತ್ತ ಮಾತ್ರ ನೋಡಿದರೆ ಸಾಲದು. ಕೂಗುವವನ ಕೈಯನ್ನೂ, ಮೌನವಾಗಿ ಹೊಂದಿಕೊಳ್ಳುತ್ತಿರುವ ನೆರೆಮನೆಯ ಶ್ರೋಡರಳನ್ನೂ ನೋಡಬೇಕು.