ಕಿಟಕಿಯ ಬೆಳಕು, ಟ್ಯೂಬ್‌ಲೈಟಿನ ಹೆಸರು

ನಮ್ಮ ಕಡೆ ಹೆಣ್ಣುಮಕ್ಕಳು ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಂಡು ಬರುತ್ತಾರೆ. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ತಾರೀಕು ಎಂಬುದೆಲ್ಲ ಚೊಂಬಿನ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತಿರುತ್ತದೆ. ಕೊಟ್ಟವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ನೀರು ಬಗ್ಗಿಸುವಾಗ ಅವರ ಹೆಸರು ಕಣ್ಣಿಗೆ ಬೀಳುತ್ತದೆ. ಇದು ಒಳ್ಳೆಯ ಸ್ಮಾರಕವೆಂದೇ ನನ್ನ ಎಣಿಕೆ. ಪಾತ್ರೆ ತನ್ನ ಕೆಲಸ ತಾನು ಮಾಡುತ್ತದೆ, ಹೆಸರು ಅದಕ್ಕೆ ಅಡ್ಡ ಬರುವುದಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಕತೆಯೇ ಬೇರೆ. ದಾನಿಗಳ ಹೆಸರು, ಅವರ ತಂದೆಯ ಹೆಸರು, ಊರು, 'ಜ್ಞಾಪಕಾರ್ಥ' ಎಂಬ ಮಾತು ಎಲ್ಲವನ್ನೂ ದೀಪದ ಮೈಮೇಲೆಯೇ ಕಪ್ಪು ಬಣ್ಣದಲ್ಲಿ ಬರೆಸಿರುತ್ತಾರೆ. ಹೆಸರು ಉದ್ದವಾದಷ್ಟೂ ಬೆಳಕು ಕಡಿಮೆ.

ನೆನಪು ಬೆಳಕಿಗೆ ದಾರಿ ಮಾಡಿಕೊಡಬೇಕೇ, ಬೆಳಕನ್ನು ಮರೆಮಾಡಬೇಕೇ? ಕ್ರೈಸ್ತ ದೇಗುಲಗಳ ಬಣ್ಣದ ಗಾಜಿನ ಕಿಟಕಿಗಳನ್ನು ನೋಡುವಾಗ ನನಗೆ ಏಳುವ ಪ್ರಶ್ನೆ ಇದು. ಯೂರೋಪಿನಲ್ಲಿ ಸತ್ತವರ ನೆನಪಿಗೆ ಚರ್ಚಿಗೆ ಒಂದು ಕಿಟಕಿ ಮಾಡಿಸಿಕೊಡುವುದು ಹಳೆಯ ವಾಡಿಕೆ. ಕಿಟಕಿಯ ತುಂಬ ದೇವರ ಕತೆ ಇರುತ್ತದೆ, ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತೀರಿಕೊಂಡವರ ಹೆಸರಿರುತ್ತದೆ.

ನಮಗೆ ಹತ್ತಿರದಲ್ಲಿ ಇಂಥ ಗಾಜು ನೋಡಬೇಕೆಂದರೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಬೇಕು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದಕ್ಕೆ ಅಡಿಗಲ್ಲು ಇಟ್ಟರು. 175 ಅಡಿ ಎತ್ತರದ ಅದರ ಜೋಡಿ ಗೋಪುರಗಳನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಹೊರಗಿನಿಂದ ಕಿಟಕಿಗಳನ್ನು ನೋಡಿದರೆ ಮಸಿ ಹಿಡಿದ ಗಾಜಿನಂತೆ ಕಾಣುತ್ತವೆ, ಯಾರ ಕಣ್ಣಿಗೂ ಹತ್ತುವುದಿಲ್ಲ. ಒಳಗೆ ಕಾಲಿಟ್ಟ ಮೇಲೆಯೇ ಅವುಗಳಿಗೆ ಜೀವ ಬರುವುದು. ಫ್ರಾನ್ಸಿನಿಂದ ತರಿಸಿದ ಆ ಗಾಜುಗಳಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ ಎಲ್ಲ ಇವೆ. ಬಿಸಿಲೇರಿದ ಹೊತ್ತಿನಲ್ಲಿ ಹೋದರೆ ಚೆನ್ನ. ನೀಲಿ, ಕೆಂಪು, ಕಿತ್ತಳೆಯ ಬೆಳಕು ಕಂಬದ ಮೇಲೆ, ನೆಲದ ಮೇಲೆ, ಬೆಂಚಿನಲ್ಲಿ ಕೂತು ಜಪಮಾಲೆ ಎಣಿಸುವ ಅಜ್ಜಿಯ ಸೆರಗಿನ ಮೇಲೆ ಬೀಳುತ್ತದೆ.

ಇದರ ಕಸುಬು ನಮ್ಮ ಅಡಿಗೆಯಷ್ಟೇ ನಾಜೂಕಿನದು. ಗಾಜು ಕರಗಿಸುವಾಗಲೇ ಲೋಹದ ಭಸ್ಮ ಬೆರೆಸಿದರೆ ಬಣ್ಣ ಮೈಗೂಡುತ್ತದೆ. ಕೋಬಾಲ್ಟ್ ಹಾಕಿದರೆ ನೀಲಿ, ತಾಮ್ರ ಅಥವಾ ಚಿನ್ನ ಹಾಕಿದರೆ ಕೆಂಪು. ಬೆಳ್ಳಿಯ ಲೇಪ ಕೊಟ್ಟು ಸುಟ್ಟರೆ ಹಳದಿ ಬರುತ್ತದೆ! ಆಮೇಲೆ ತುಂಡುಗಳನ್ನು ನಕ್ಷೆಯಂತೆ ಕತ್ತರಿಸಿ, ಮುಖದ ಗೆರೆ, ಬಟ್ಟೆಯ ನೆರಿಗೆಗಳನ್ನು ಕಂದು ಬಣ್ಣದಲ್ಲಿ ಬರೆದು, ಮತ್ತೆ ಕುಲುಮೆಗೆ ಕೊಟ್ಟು, ಸೀಸದ ಪಟ್ಟಿಗಳಲ್ಲಿ ಕೂಡಿಸಿ ಬೆಸೆಯುತ್ತಾರೆ. ಚಿತ್ರದಲ್ಲಿ ನಮಗೆ ಕಪ್ಪು ಗೆರೆಯಾಗಿ ಕಾಣುವುದು ಈ ಸೀಸ. ಕೌದಿಯ ಹೊಲಿಗೆಯ ಹಾಗೆ ತುಂಡುಗಳನ್ನೆಲ್ಲ ಹಿಡಿದಿಟ್ಟಿರುವುದೂ ಅದೇ.

ಮೈಸೂರಿನ ಕಿಟಕಿಗಳ ಬಗ್ಗೆ ನನ್ನ ಮೆಚ್ಚಿಕೆಗೆ ಒಂದು ಮಿತಿ ಇದೆ. ಬಣ್ಣ ಭವ್ಯವಾಗಿದೆ, ಆದರೆ ಅಲ್ಲಿರುವ ಮುಖಗಳಲ್ಲಿ ನಮ್ಮೂರಿನದು ಒಂದೂ ಇಲ್ಲ. ಅದೇ ಮೈಸೂರಿನ ಅರಮನೆಯ ಕಲ್ಯಾಣ ಮಂಟಪವನ್ನು ನೆನೆಯಿರಿ. ಅದರ ಚಾವಣಿಯ ಗಾಜು ಬಂದದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೊದಿಂದ. ಆದರೂ ಅಲ್ಲಿ ಗರಿ ಬಿಚ್ಚಿ ನಿಂತಿರುವುದು ನಮ್ಮ ನವಿಲು. ಪರದೇಶದ ಕುಲುಮೆಯಲ್ಲೂ ನಮ್ಮ ನೆಲದ ಚಿತ್ರ ಬೇಯಬಲ್ಲದು, ಹೇಳಿ ಮಾಡಿಸುವವರು ಬೇಕು ಅಷ್ಟೆ.

ಇನ್ನು ಸ್ಮಾರಕದ ಮಾತು. 1872ರಲ್ಲಿ ಅಂಡಮಾನಿನಲ್ಲಿ ಕೈದಿಯೊಬ್ಬನ ಚೂರಿಗೆ ಬಲಿಯಾದ ವೈಸರಾಯ್ ಮೇಯೋನ ಹೆಸರು ನಮಗೆ ಬೆಂಗಳೂರಿನ ಮೇಯೋ ಹಾಲ್‌ನಿಂದ ಗೊತ್ತು. ಅವನ ನೆನಪಿಗೆ ಕಲ್ಕತ್ತೆಯ ಸಂತ ಪೌಲರ ಕೆಥೆಡ್ರಲ್ಲಿನಲ್ಲಿ 1880ರಲ್ಲಿ ಒಂದು ದೊಡ್ಡ ಕಿಟಕಿ ಕೂಡಿಸಿದರು. ಅದರ ಚಿತ್ರ ರಚಿಸಿದವನು ಇಂಗ್ಲೆಂಡಿನ ಹೆಸರಾಂತ ಕಲಾವಿದ ಬರ್ನ್-ಜೋನ್ಸ್. ಪುಸ್ತಕದಲ್ಲಿ ನೋಡಿದರೂ ಅದರ ಚೆಲುವು ತಿಳಿಯುತ್ತದೆ. ಆದರೆ ಅದು ಸರಕಾರದ ದುಃಖ, ದರಬಾರಿನ ದುಃಖ. ಕಣ್ಣು ಒದ್ದೆಯಾಗುವುದಿಲ್ಲ.

ಇದರ ಪಕ್ಕಕ್ಕೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟ್ಯೂಡ್ಲಿ ಎಂಬ ಹಳ್ಳಿಯ ಪುಟ್ಟ ಚರ್ಚನ್ನು ಇಟ್ಟು ನೋಡಬೇಕು. 1963ರಲ್ಲಿ ಸಾರಾ ಎಂಬ 21 ವರ್ಷದ ಹುಡುಗಿ ಹಾಯಿದೋಣಿಯ ಅಪಘಾತದಲ್ಲಿ ಸಮುದ್ರದ ಪಾಲಾದಳು. ಅವಳ ತಂದೆ ಯೆಹೂದಿ, ತಾಯಿ ಕ್ರೈಸ್ತಳು. ಮಗಳ ನೆನಪಿಗೆ ಒಂದು ಕಿಟಕಿ ಮಾಡಿಕೊಡಬೇಕೆಂದು ಅವರು ಕೇಳಿಕೊಂಡದ್ದು ಮಾರ್ಕ್ ಶಗಾಲ್ ಎಂಬ ಯೆಹೂದಿ ಚಿತ್ರಕಾರನನ್ನು. 1967ರಲ್ಲಿ ಮೊದಲ ಕಿಟಕಿ ಬಂತು. ಶಗಾಲ್ ಅಲ್ಲಿಗೇ ನಿಲ್ಲಲಿಲ್ಲ, ಆ ಚರ್ಚಿನ ಹನ್ನೆರಡು ಕಿಟಕಿಗಳಿಗೂ ಚಿತ್ರ ರಚಿಸಿಕೊಟ್ಟ. ಕೊನೆಯವು ಕೂತದ್ದು 1985ರಲ್ಲಿ, ಅವನು ತೀರಿಕೊಂಡದ್ದೂ ಅದೇ ವರ್ಷ.

ನಾನು ಅದನ್ನು ನೋಡಿರುವುದು ಪುಸ್ತಕದ ಚಿತ್ರಗಳಲ್ಲಿ. ಮೊದಲ ಕಿಟಕಿಯ ಮೈಯೆಲ್ಲ ನೀಲಿ. ಕೆಳಗೆ ಅಲೆಗಳ ನಡುವೆ ಹುಡುಗಿ ತೇಲುತ್ತಿದ್ದಾಳೆ. ಹತ್ತಿರದಲ್ಲೇ ದುಃಖಿಸುವ ತಾಯಿ ಇದ್ದಾಳೆ. ಅಲ್ಲಿಂದ ಒಂದು ಏಣಿ ಮೇಲಕ್ಕೆ, ಶಿಲುಬೆಯ ಮೇಲಿನ ಕ್ರಿಸ್ತನ ಕಡೆಗೆ ಏರುತ್ತದೆ. ಮಗಳನ್ನು ನುಂಗಿದ ನೀರನ್ನು ಕಲಾವಿದ ಮುಚ್ಚಿಡಲಿಲ್ಲ, ಆ ನೀರಿನೊಳಗಿನಿಂದಲೇ ಬೆಳಕನ್ನು ಬರಮಾಡಿದ. ಪ್ರಾರ್ಥನೆಗೆ ಬರುವ ಹಳ್ಳಿಯವರೆಲ್ಲ ಆ ತಾಯಿಯ ಸಂಕಟದ ಬೆಳಕಿನಲ್ಲಿಯೇ ಕೂರುತ್ತಾರೆ, ಅವರ ಮನೆಯಲ್ಲಿ ತೀರಿಕೊಂಡವರಿಗೂ ಅದೇ ಬೆಳಕು ಸಲ್ಲುತ್ತದೆ. ಒಬ್ಬಳ ದುಃಖ ಊರಿನ ಆಸ್ತಿಯಾಗುವುದು ಹೀಗೆ. ನಾನು ಬಲ್ಲ ಸ್ಮಾರಕ ಕಿಟಕಿಗಳಲ್ಲಿ ಇದಕ್ಕೆ ಮೊದಲ ಮಣೆ ಹಾಕುವುದು ಈ ಕಾರಣಕ್ಕೆ.

ಇಲ್ಲಿ ಹಣವಂತರ ಮಗಳಾದ್ದರಿಂದ ಶಗಾಲ್ ಸಿಕ್ಕ ಎನ್ನುವವರಿದ್ದಾರೆ. ನಿಜವೇ. ಹಾಗಾದರೆ ನಮ್ಮ ನೆಲದಲ್ಲಿ ಯಾರ ನೆನಪಿಗೆ ಏನು ಸಿಕ್ಕಿದೆ, ಅದನ್ನೂ ನೋಡೋಣ. ಕರಿಘಟ್ಟದ ನಾನೂರಕ್ಕೂ ಮೇಲ್ಪಟ್ಟ ಮೆಟ್ಟಿಲು ಹತ್ತಿ ಶ್ರೀನಿವಾಸನ ದರ್ಶನ ಮುಗಿಸಿ ಹೊರಗೆ ಬಂದರೆ ಕೆಳಗೆ ಲೋಕಪಾವನಿ ಕಾವೇರಿಗೆ ಸೇರುತ್ತದೆ, ಅದರಾಚೆ ಶ್ರೀರಂಗಪಟ್ಟಣದ ದ್ವೀಪ. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ದಂಡು ಈ ಬೆಟ್ಟವನ್ನೇ ಹಿಡಿದಿತ್ತು. ದ್ವೀಪದ ತುಂಬ ಸ್ಮಾರಕಗಳು. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ ಗುಂಬಜಿನಲ್ಲಿ ತಾಯಿ ಫಕ್ರುನ್ನೀಸಾ ಕೂಡ ಇದ್ದಾಳೆ, 1799ರಿಂದ ಅವನೂ ಅವರ ಜೊತೆಗೇ ಮಲಗಿದ್ದಾನೆ. ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ದಂಡಿನ ಅಧಿಕಾರಿಗಳಷ್ಟೇ ಅಲ್ಲ, ಹೆಂಡಿರು ಮಕ್ಕಳೂ ಅಲ್ಲಿದ್ದಾರೆ. ಕೋಟೆ ಕಾದು ಸತ್ತ ನಮ್ಮ ಸಾಮಾನ್ಯ ಸಿಪಾಯಿಗಳ ಹೆಸರನ್ನು ಹುಡುಕುತ್ತಾ ಹೋದರೆ ಅಂಥ ಸಾಲು ಕಲ್ಲುಗಳು ಸಿಗುವುದಿಲ್ಲ. ಗೆದ್ದವರಿಗೆ ಸಿಕ್ಕ ಅಕ್ಷರ ಸೋತವರಿಗೆ ಸಿಗಲಿಲ್ಲ.

ಸೋತವರಿಗಿಂತಲೂ ಹಿಂದೆ ಉಳಿದವರು ಹೆಂಗಸರು. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಪ್ರಸಿದ್ಧವಾದದ್ದು. ಸುಮಾರು ಕ್ರಿ.ಶ. 950ರಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ನಾಯಿಯ ಹೆಸರು ಕಾಳಿ ಎಂದು ಅದರಲ್ಲಿ ಬರೆದಿದೆ. ಸಾಕಿದ ಪ್ರಾಣಿಯ ಮೇಲಿನ ಆ ಅಕ್ಕರೆಗೆ ಮನಸ್ಸು ಕರಗುತ್ತದೆ. ಆದರೆ ಊರೂರಿನ ಮಾಸ್ತಿಗಲ್ಲುಗಳ ಮುಂದೆ ನಿಂತು ನೋಡಿ. ಮೇಲೆತ್ತಿದ ಒಂದು ತೋಳು, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಇಷ್ಟೇ. ಬೆಳತೂರಿನ ದೇಕಬ್ಬೆಯಂತೆ ಶಾಸನದಲ್ಲಿ ಹೆಸರು ಉಳಿಸಿಕೊಂಡವರು ಕಡಿಮೆ. ನಾಯಿಗೆ ಹೆಸರಿತ್ತು, ಗಂಡನ ಚಿತೆಯೇರಿದವಳಿಗೆ ಬಳೆಗಳಿದ್ದವು. ಸಾವನ್ನು ಪೂಜಿಸಿದ ಕಲ್ಲು ಅದು, ಸತ್ತವಳನ್ನು ನೆನೆದ ಕಲ್ಲಲ್ಲ. ಅರಿಸಿನ ಕುಂಕುಮ ಹಚ್ಚುವ ನಮ್ಮ ಕೈಗಳು ಅಲ್ಲಿ ಅರೆಗಳಿಗೆ ತಡೆಯಬೇಕು.

ಟ್ಯೂಡ್ಲಿಯ ಕಿಟಕಿ ನನಗೆ ದೊಡ್ಡದಾಗಿ ಕಾಣುವುದು ಈ ಕಲ್ಲುಗಳ ಎದುರಿಗೆ ಇಟ್ಟಾಗಲೇ. ಅಲ್ಲಿ ಹುಡುಗಿ ಯಾರ ಹೆಂಡತಿಯೆಂದೂ ಅಲ್ಲ, ಯಾವ ತ್ಯಾಗ ಮಾಡಿದಳೆಂದೂ ಅಲ್ಲ, ಇದ್ದಳು, ಈಗ ಇಲ್ಲ ಎಂಬ ಒಂದೇ ಕಾರಣಕ್ಕೆ ನೆನಪಿಗೆ ಅರ್ಹಳಾದಳು. ನಮ್ಮಲ್ಲೂ ಹೆಣ್ಣುಮಗಳೊಬ್ಬಳನ್ನು ನೆನೆಯಲು ಅಷ್ಟು ಕಾರಣ ಸಾಕು ಎನ್ನುವ ಕಾಲ ಬರಬೇಕು. ಅದಕ್ಕೆ ಶಗಾಲನೇ ಬೇಕೆಂದಿಲ್ಲ. ಊರ ಲೈಬ್ರರಿಗೆ ಒಂದು ಕಪಾಟು ಪುಸ್ತಕವಾದರೂ ಆದೀತು, ಬಸ್‌ಸ್ಟಾಪಿನಲ್ಲಿ ಒಂದು ನೆರಳಾದರೂ ಆದೀತು. ಮೂಲೆಯಲ್ಲಿ ಅವಳ ಹೆಸರಿರಲಿ. ತಂದೆ ಗಂಡಂದಿರ ಹೆಸರು ಬೇಕಾದರೆ ಆಮೇಲೆ ಬರಲಿ.

ಓದುಗ ಅಕ್ಕತಂಗಿಯರಿಗೆ ನನ್ನದೊಂದು ಮಾತು. ಮೈಸೂರಿಗೆ ಹೋದಾಗ ರೇಷ್ಮೆ ಸೀರೆ, ಮೈಸೂರು ಪಾಕಿನ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಫಿಲೋಮಿನಾ ಚರ್ಚಿನ ಒಳಕ್ಕೆ ಹೋಗಿ, ಸದ್ದಿಲ್ಲದೆ ಒಂದು ಬೆಂಚಿನಲ್ಲಿ ಕೂತುಕೊಳ್ಳಿ. ನಮ್ಮ ದೇವರಲ್ಲವಲ್ಲ ಎಂಬ ಸಂಕೋಚ ಬೇಡ. ಹೊರಗೆ ನಿಂತವರಿಗೆ ಆ ಕಿಟಕಿಗಳು ಯಾವತ್ತಿಗೂ ಕಪ್ಪಾಗಿಯೇ ಕಾಣುವುದು.