ಲುಕಾಕು ಬೇಕೋ, ಬೇಡವೋ?

2023ರ ಅಕ್ಟೋಬರ್ 29ರಂದು ರೊಮೆಲು ಲುಕಾಕು ರೋಮಾ ತಂಡದ ಅಂಗಿ ತೊಟ್ಟು ಮಿಲಾನಿನ ಸ್ಯಾನ್ ಸಿರೊ ಮೈದಾನಕ್ಕಿಳಿದ. ಅವನ 'ಸ್ವಾಗತ'ಕ್ಕೆಂದು ಅದೇ ಊರಿನ ಕ್ಲಬ್ ಇಂಟರ್‌ನ ಕಟ್ಟಾ ಅಭಿಮಾನಿಗಳ ಗುಂಪಾದ ಕುರ್ವಾ ನೋರ್ಡ್ ಐವತ್ತು ಸಾವಿರ ಸೀಟಿಗಳನ್ನು ಹಂಚಲು ಹೊರಟಿತ್ತು. ಸೀಟಿ ಒಳಗೆ ತರಕೂಡದೆಂದು ಅಧಿಕಾರಿಗಳು ತಡೆದರು. ಆದರೆ ಬಾಯಿಂದ ಶಿಳ್ಳೆ ಹಾಕುವುದನ್ನು ತಡೆಯುವವರು ಯಾರು? ಚೆಂಡು ಅವನ ಕಾಲಿಗೆ ಬಂದಾಗಲೆಲ್ಲ ಗ್ಯಾಲರಿ ಕಿವಿಗಡಚಿಕ್ಕುವಂತೆ ಶಿಳ್ಳೆ ಹಾಕಿತು. 81ನೇ ನಿಮಿಷದಲ್ಲಿ ಮಾರ್ಕಸ್ ತುರಾಮ್ ಗೋಲು ಹೊಡೆದು ಇಂಟರ್ 1–0ರಿಂದ ಗೆದ್ದ ಮೇಲೆ ಎಲ್ಲರ ಹೊಟ್ಟೆ ತಣ್ಣಗಾಯಿತು. ತುರಾಮ್ ಬಂದದ್ದು ಲುಕಾಕು ಹೋದ ಬೇಸಿಗೆಯಲ್ಲೇ.

ಎರಡು ವರ್ಷದ ಹಿಂದೆ ಇದೇ ಜನರ ಪಾಲಿಗೆ ಅವನು ರಾಜ. 2020–21ರಲ್ಲಿ ಲೀಗ್ ಒಂದರಲ್ಲೇ 24 ಗೋಲು ಹೊಡೆದು, ಹನ್ನೊಂದು ವರ್ಷದ ಬಳಿಕ ಇಂಟರ್‌ಗೆ ಇಟಲಿಯ ಪಟ್ಟ ತಂದುಕೊಟ್ಟವನು. ಆಮೇಲೆ ಲಂಡನ್ನಿನ ಚೆಲ್ಸಿಗೆ ಹೋದ. ಅಲ್ಲಿ ಕಿರಿಕ್ ಮಾಡಿಕೊಂಡು ಇಂಟರ್‌ಗೆ ಮರಳಿದ. ಮತ್ತೆ ಹೋದ. ಹೀಗೆ ಮೂರು ಬೇಸಿಗೆಗಳಲ್ಲಿ ಮೂರು ಸಲ, ಎರಡು ಊರುಗಳ ಅಭಿಮಾನಿಗಳು ಒಂದೇ ಪ್ರಶ್ನೆ ಹಿಡಿದು ಜಗ್ಗಾಡಿದರು: ಬಿಟ್ಟುಹೋದವನನ್ನು ಮತ್ತೆ ಸೇರಿಸಿಕೊಳ್ಳಬೇಕೇ? ಇಲ್ಲಿ ನಾನು ತೂಗಿ ನೋಡಹೊರಟಿರುವುದು ಲುಕಾಕುವಿನ ಆಟವನ್ನಲ್ಲ, ಆ ಜಗ್ಗಾಟವನ್ನು. ಫುಟ್‌ಬಾಲ್ ಅಭಿಮಾನಿಗಳು ಸದಾ ಆಡುವ ವಾದಗಳಲ್ಲಿ ಇದು ಅತ್ಯಂತ ಉತ್ಸಾಹದ್ದು. ಅತ್ಯಂತ ಎಡವಟ್ಟಿನದೂ ಹೌದು.

ವಾದದ ಧಾಟಿ ಎಲ್ಲ ಊರಲ್ಲೂ ಒಂದೇ. ಒಬ್ಬ ಗೋಲು ಎಣಿಸುತ್ತಾನೆ, ಇನ್ನೊಬ್ಬ ಅಪರಾಧ ಎಣಿಸುತ್ತಾನೆ. 'ಸ್ವಭಾವ ಏನಾದರೂ ಇರಲಿ, ಗೋಲು ಹೊಡೀತಾನಲ್ಲ' ಎಂದು ಒಬ್ಬ. 'ಗೋಲು ಯಾರಿಗೆ ಬೇಕು, ಮರ್ಯಾದೆ ಇಲ್ಲವಾ ನಮಗೆ' ಎಂದು ಇನ್ನೊಬ್ಬ. ಕೊನೆಗೆ ಇಬ್ಬರೂ 'ಅವನು ಬದಲಾಗಿದ್ದಾನೆಯೇ' ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಇದಕ್ಕೆ ಗ್ಯಾಲರಿಯಲ್ಲಿ ಕೂತವನ ಹತ್ತಿರ ಉತ್ತರವಿಲ್ಲ. ಆಟಗಾರನ ಹತ್ತಿರವೂ ಇರಲಿಕ್ಕಿಲ್ಲ. ಉತ್ತರ ಸಿಗಬಹುದಾದ ಪ್ರಶ್ನೆಗಳು ಬೇರೆಯೇ ಇವೆ: ಈಗ ಕೋಚ್ ಯಾರು? ಆಡಿಸುವ ಪದ್ಧತಿ ಯಾವುದು? ಎಷ್ಟು ಕೊಟ್ಟು ತರುತ್ತಿದ್ದೇವೆ? ತಂದಮೇಲೆ ಬೆಂಚಿನಲ್ಲಿ ಕೂರಿಸುವ ಧೈರ್ಯ ಇದೆಯೇ?

2021ರ ಬೇಸಿಗೆಯಲ್ಲಿ ಚೆಲ್ಸಿ ಅಭಿಮಾನಿಗಳು ಇವನ್ನು ಕೇಳಿಕೊಳ್ಳಲಿಲ್ಲ. ಆ ಮೇ ತಿಂಗಳಲ್ಲಷ್ಟೇ ತಂಡ ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಯುರೋಪಿನ ಚಾಂಪಿಯನ್ ಆಗಿತ್ತು. ಇಷ್ಟಾಗಿಯೂ ಲೀಗಿನಲ್ಲಿ ಅವರ ಪರ ಹೆಚ್ಚು ಗೋಲು ಹೊಡೆದವನು ಮಿಡ್‌ಫೀಲ್ಡರ್ ಜಾರ್ಜಿನ್ಯೊ: ಏಳು ಗೋಲು, ಏಳೂ ಪೆನಾಲ್ಟಿ. ಒಬ್ಬ ಗಟ್ಟಿ ಸ್ಟ್ರೈಕರ್ ಬೇಕೆಂಬ ಹಂಬಲ ಸಹಜವೇ. ಲುಕಾಕು 2011ರಲ್ಲಿ ಹದಿನೆಂಟರ ಹುಡುಗನಾಗಿ, ಚೆಲ್ಸಿಯ ಸ್ಟ್ರೈಕರ್ ದ್ರೋಗ್ಬಾನನ್ನು ಆರಾಧಿಸುತ್ತ ಅದೇ ಕ್ಲಬ್ಬಿಗೆ ಬಂದಿದ್ದವನು. ಅಲ್ಲಿ ನೆಲೆಯೂರದೆ 2014ರಲ್ಲಿ ಎವರ್ಟನ್ ಪಾಲಾಗಿದ್ದ. ಅಂಥವನು 9.75 ಕೋಟಿ ಪೌಂಡಿಗೆ, ಅಂದರೆ ಕ್ಲಬ್ಬಿನ ಅಂದಿನ ದಾಖಲೆ ಬೆಲೆಗೆ ಮನೆಗೆ ಬರುತ್ತಿದ್ದಾನೆ! ಕಥೆ ಇಷ್ಟು ಚೆನ್ನಾಗಿರುವಾಗ ಆಟದ ಪದ್ಧತಿಯ ಮಾತು ಯಾರಿಗೆ ರುಚಿಸುತ್ತದೆ? ಮೊದಲ ಪಂದ್ಯದಲ್ಲೇ, ಆರ್ಸೆನಲ್ ಮೈದಾನದಲ್ಲಿ, ಹದಿನೈದನೇ ನಿಮಿಷಕ್ಕೆ ಗೋಲು ಹೊಡೆದಾಗ ವಾದ ಮುಗಿದೇ ಹೋಯಿತೆಂದು ಎಲ್ಲರೂ ನಂಬಿದರು.

ಇಂಟರ್‌ನಲ್ಲಿ ಕೋಚ್ ಅಂತೋನಿಯೊ ಕಾಂಟೆ ಅವನ ಪಕ್ಕಕ್ಕೆ ಲೌತಾರೊ ಮಾರ್ಟಿನೆಜ್‌ನನ್ನು ಕೊಟ್ಟಿದ್ದ. ಮುಂದೆ ಓಡಲು ಬಯಲಿನಂಥ ಜಾಗ, ಜೊತೆಗೊಬ್ಬ ಜೋಡಿ. ಥಾಮಸ್ ಟುಖೆಲ್‌ನ ಚೆಲ್ಸಿಯಲ್ಲಿ ಅವನು ಒಂಟಿ. ಎದುರಾಳಿಗಳು ತಮ್ಮ ಗೋಲಿನ ಮುಂದೆ ಕಿಕ್ಕಿರಿದು ನಿಂತಿರುತ್ತಿದ್ದರು. ಅವರ ನಡುವೆ ಗೋಲಿಗೆ ಬೆನ್ನು ಹಾಕಿ ನಿಂತು ಚೆಂಡು ಹಿಡಿದುಕೊಡುವ ಕೆಲಸ ಅವನದು. 2022ರ ಫೆಬ್ರವರಿಯಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದುರು ತೊಂಬತ್ತು ನಿಮಿಷ ಆಡಿ ಅವನು ಚೆಂಡು ಮುಟ್ಟಿದ್ದು ಏಳೇ ಸಲ, ಅದರಲ್ಲೊಂದು ಆಟ ಶುರುಮಾಡುವ ಒದೆತ. 9.75 ಕೋಟಿ ಪೌಂಡಿನ ಆಳು, ಏಳು ಸ್ಪರ್ಶ. ನಗುವವರು ನಕ್ಕರು. ಆರು ಸಲ ಮಾತ್ರ ಅವನ ಬಳಿಗೆ ಚೆಂಡು ಹೋದದ್ದೇಕೆ ಎಂದು ಕೇಳಿದವರು ಕಡಿಮೆ.

ಅದಕ್ಕೂ ಮೊದಲೇ, 2021ರ ಡಿಸೆಂಬರ್ 30ರಂದು, ಇಟಲಿಯ ಸ್ಕೈ ವಾಹಿನಿಯಲ್ಲಿ ಅವನ ಸಂದರ್ಶನ ಪ್ರಸಾರವಾಗಿತ್ತು. ತನ್ನ ಸ್ಥಿತಿಯಿಂದ ಖುಷಿಯಾಗಿಲ್ಲ, ಕೋಚ್ ಬೇರೆ ಪದ್ಧತಿ ಹಿಡಿದಿದ್ದಾನೆ, ಎಂದಾದರೂ ಇಂಟರ್‌ಗೆ ಮರಳುವಾಸೆ ಇದೆ ಎಂದೆಲ್ಲ ಆತ ಬಿಚ್ಚಿ ಹೇಳಿಬಿಟ್ಟಿದ್ದ. ಟುಖೆಲ್ ಜನವರಿ 2ರ ಲಿವರ್‌ಪೂಲ್ ಪಂದ್ಯಕ್ಕೆ ಅವನನ್ನು ಹೊರಗಿಟ್ಟ. ತಂಡ ಎರಡು ಗೋಲು ಹಿಂದೆ ಬಿದ್ದು, ಅವನಿಲ್ಲದೆಯೇ ಸಮ ಮಾಡಿಕೊಂಡಿತು. ಸಂದರ್ಶನ ಕೊಟ್ಟದ್ದು ಶುದ್ಧ ಅವಿವೇಕ, ಅನುಮಾನವಿಲ್ಲ. ಋತುವಿನ ಮಧ್ಯದಲ್ಲಿ ತನ್ನ ತಂಡದವರ ಕಾಲಡಿಯ ಮಣ್ಣು ಸಡಿಲಿಸುವ ಕೆಲಸ. ಆದರೂ ಅಭಿಮಾನಿಗಳು ಅದರಲ್ಲಿ ದ್ರೋಹವನ್ನಷ್ಟೇ ಕೇಳಿಸಿಕೊಂಡರು. ಪದ್ಧತಿಯ ಬಗ್ಗೆ ಆತ ಹೇಳಿದ್ದು ನಿಜವಾಗಿತ್ತು ಎಂಬುದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿರಿಕ್ ಆಟಗಾರನಿಗೆ ಸಿಗುವ ನಿಜವಾದ ಶಿಕ್ಷೆ ಇದು: ಅವನು ಸರಿಯಾದುದನ್ನು ಹೇಳಿದರೂ ಅದು ಕಿರಿಕ್ ಲೆಕ್ಕಕ್ಕೇ ಜಮೆಯಾಗುತ್ತದೆ.

2022ರಲ್ಲಿ ಇಂಟರ್ ಅವನನ್ನು ಒಂದು ವರ್ಷದ ಎರವಲಿಗೆ ತಂದಾಗ ಕುರ್ವಾ ನೋರ್ಡ್ ಒಂದು ಹೇಳಿಕೆ ಹೊರಡಿಸಿತು. ಅವನ ವಿರುದ್ಧ ನಾವು ಕೂಗುವುದಿಲ್ಲ, ಆದರೆ ಯಾರೂ ಹಿಂದಿನಂತೆ ರಾಜನ ಮರ್ಯಾದೆ ಮಾಡಬೇಡಿ. ಈಗ ಅವನು ಹತ್ತರೊಳಗೆ ಹನ್ನೊಂದನೆಯವನು, ಬೆವರು ಸುರಿಸಿ ಜಾಗ ಗಳಿಸಲಿ ಎಂಬುದು ಅದರ ತಾತ್ಪರ್ಯ. ಈ ಇಡೀ ಪ್ರಕರಣದಲ್ಲಿ ಅಭಿಮಾನಿಗಳ ಕಡೆಯಿಂದ ಬಂದ ಅತ್ಯಂತ ವಿವೇಕದ ಮಾತೆಂದು ನಾನು ಮೆಚ್ಚುವುದು ಇದನ್ನೇ. 'ಬೇಕು', 'ಬೇಡ' ಎಂಬೆರಡೇ ಉತ್ತರಗಳ ಇಕ್ಕಟ್ಟಿನಿಂದ ಅದು ಹೊರಬಂದಿತ್ತು, ಷರತ್ತು ಹಾಕಿತ್ತು. ಕ್ಲಬ್ ಕೂಡ ಹಾಗೇ ನಡೆಯಿತು. ಕೋಚ್ ಸಿಮೋನೆ ಇಂಝಾಗಿ ಅವನನ್ನು ಎಷ್ಟೋ ಸಲ ಬೆಂಚಿನಲ್ಲಿ ಕೂರಿಸಿದ. 2023ರ ಜೂನ್ 10ರಂದು ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ಮೊದಲು ಆಡಿದವನು ಎಡಿನ್ ಜೆಕೊ.

ಆ ಫೈನಲ್ ನಮ್ಮಲ್ಲಿ ಶುರುವಾದದ್ದು ನಡುರಾತ್ರಿ ಹನ್ನೆರಡೂವರೆಗೆ. ಎಚ್ಚರವಿದ್ದವರಿಗೆ ಎರಡು ದೃಶ್ಯ ಮರೆಯುವಂತಿಲ್ಲ. ರಾಡ್ರಿ ಗೋಲು ಹೊಡೆದು ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಮುಂದಾದ ಸ್ವಲ್ಪದರಲ್ಲೇ ಇಂಟರ್‌ನ ಡಿಮಾರ್ಕೊ ತಲೆಯಿಂದ ಹೊಡೆದ ಚೆಂಡು ಗೋಲಿನ ಕಂಬಿಗೆ ಬಡಿಯಿತು. ವಾಪಸು ಬಂದದ್ದನ್ನು ಅವನೇ ಮತ್ತೆ ಹೊಡೆದರೆ, ಅದು ದಾರಿಯಲ್ಲಿ ನಿಂತಿದ್ದ ಲುಕಾಕುವಿಗೇ ತಾಗಿತು. ಆಟ ಮುಗಿಯಲು ಇನ್ನೆರಡು ನಿಮಿಷವಿರಬೇಕು, ಗೋಲಿನ ಬಾಗಿಲಲ್ಲೇ ಲುಕಾಕುವಿನ ತಲೆಗೆ ಚೆಂಡು ಸಿಕ್ಕಿತು. ನೇರ ಗೋಲಿ ಎಡರ್ಸನ್‌ನ ಮೇಲೆ ಹೊಡೆದ. ಇಂಟರ್ 0–1ರಿಂದ ಸೋತಿತು. ಸೋಲಿಗೆ ಕಾರಣ ಅವನೊಬ್ಬನೇ ಅಲ್ಲ. ಆದರೆ ಅಭಿಮಾನಿಯ ನೆನಪು ಕೆಲಸ ಮಾಡುವುದು ಹೀಗೆಯೇ, ಒಂದು ಋತುವನ್ನು ಹಿಂಡಿ ಎರಡು ದೃಶ್ಯ ಉಳಿಸಿಕೊಳ್ಳುತ್ತದೆ. ಕರೆಸಿಕೊಳ್ಳುವಾಗ 24 ಗೋಲುಗಳ ನೆನಪು, ಓಡಿಸುವಾಗ ಇಸ್ತಾಂಬುಲ್‌ನ ನೆನಪು. ಎರಡರ ನಡುವೆ, ಆ ವರ್ಷದ ಗಾಯಗಳು ವಾಸಿಯಾದ ಮೇಲೆ ಅವನು ಚೆನ್ನಾಗಿಯೇ ಆಡಿದ ವಸಂತದ ವಾರಗಳೂ ಇದ್ದವು. ಅವು ಯಾರ ವಾದಕ್ಕೂ ಒದಗಲಿಲ್ಲ.

ಆ ಜುಲೈನಲ್ಲಿ ಇಂಟರ್ ಅವನನ್ನು ಪೂರ್ತಿ ಕೊಳ್ಳಲು ಮುಂದಾಗಿತ್ತು. ಆಗ ಬಯಲಾದದ್ದು, ಅವನ ಕಡೆಯವರು ಬದ್ಧವೈರಿ ಯುವೆಂಟಸ್ ಜೊತೆಗೂ ಮಾತಾಡುತ್ತಿದ್ದಾರೆಂಬುದು. ಇಂಟರ್ ಬಾಗಿಲು ಮುಚ್ಚಿತು. ತಮಾಷೆಯೆಂದರೆ ಯುವೆಂಟಸ್ ಅಭಿಮಾನಿಗಳೂ 'ನಮಗೆ ಬೇಡ' ಎಂದು ಕೂಗಿದರು. ಯಾವ ವಿಷಯಕ್ಕೂ ಕೂಡದ ಎರಡು ಬಣಗಳನ್ನು ಒಮ್ಮತಕ್ಕೆ ತಂದ ಕೀರ್ತಿಯಂತೂ ಲುಕಾಕುವಿನದು.

ಇಂಟರ್ ಅಭಿಮಾನಿಗಳ ಸಿಟ್ಟಿಗೆ ಇಲ್ಲಿ ಗಟ್ಟಿ ಕಾರಣವಿತ್ತು. ಆ ಏಪ್ರಿಲ್‌ನಲ್ಲಷ್ಟೇ ಟುರಿನ್‌ನಲ್ಲಿ ಯುವೆಂಟಸ್ ಗ್ಯಾಲರಿಯಿಂದ ಅವನಿಗೆ ಜನಾಂಗೀಯ ನಿಂದನೆ ಕೇಳಿಬಂದಿತ್ತು. ಕೊನೆಗಳಿಗೆಯಲ್ಲಿ ಪೆನಾಲ್ಟಿ ಹೊಡೆದು ತುಟಿಯ ಮೇಲೆ ಬೆರಳಿಟ್ಟು ನಿಂತದ್ದಕ್ಕೆ ರೆಫರಿ ಎರಡನೇ ಹಳದಿ ಕಾರ್ಡ್ ತೋರಿಸಿ ಹೊರಗಟ್ಟಿದ. ಕಡೆಗೆ ಇಟಲಿ ಫೆಡರೇಷನ್ನಿನ ಅಧ್ಯಕ್ಷರೇ ಆ ಶಿಕ್ಷೆ ರದ್ದು ಮಾಡಬೇಕಾಯಿತು. ಅಂಥ ಕ್ಲಬ್ಬಿನೊಂದಿಗೆ ಮೂರೇ ತಿಂಗಳಲ್ಲಿ ಮಾತುಕತೆಯೇ ಎಂದು ಇಂಟರ್‌ನವರಿಗೆ ಅನಿಸಿದ್ದು ನ್ಯಾಯವೇ. ಆದರೆ ಲೆಕ್ಕ ತೆಗೆದಮೇಲೆ ಪೂರ್ತಿ ತೆಗೆಯಬೇಕು. 2019ರ ಸೆಪ್ಟೆಂಬರ್‌ನಲ್ಲಿ ಕಾಲ್ಯಾರಿ ಮೈದಾನದಲ್ಲಿ ಅವನು ಪೆನಾಲ್ಟಿ ತೆಗೆದುಕೊಳ್ಳುವಾಗ ಕೋತಿಯ ಕೂಗು ಕೇಳಿಬಂತು. ಆಗ ಬಹಿರಂಗ ಪತ್ರ ಬರೆದು, ಅದು ಜನಾಂಗ ದ್ವೇಷವಲ್ಲ, ಎದುರಾಳಿಯನ್ನು ಕೆಣಕುವ ವರಸೆ ಎಂದು ಅವನಿಗೇ ಪಾಠ ಹೇಳಿದವರು ಯಾರು? ಇದೇ ಕುರ್ವಾ ನೋರ್ಡ್. ನಿಷ್ಠೆ ಕೇಳುವ ಗುಂಪು ತಾನು ಅವನ ಬೆನ್ನಿಗೆ ನಿಂತಿದ್ದೆಷ್ಟು ಎಂಬ ಸಾಲನ್ನು ಖಾತೆಯಲ್ಲಿ ಬರೆದುಕೊಳ್ಳಲೇ ಇಲ್ಲ. ಚೆಲ್ಸಿಯ ಖಾತೆಯಲ್ಲೂ ಅಂಥ ಒಂದು ಖಾಲಿ ಸಾಲಿದೆ. 2014ರಲ್ಲಿ ಕ್ಲಬ್ ಅವನನ್ನು ಮಾರಿದಾಗ ಅದು ವ್ಯವಹಾರ. 2021ರಲ್ಲಿ ಅವನು ಹೊರಡುವ ಮಾತಾಡಿದಾಗ ಮಾತ್ರ ದ್ರೋಹ.

ಇಷ್ಟರಿಂದ ಆಟಗಾರರೆಲ್ಲ ಅಮಾಯಕರು ಎಂದುಕೊಳ್ಳಬೇಕಿಲ್ಲ. ಅಭಿಮಾನಿಗಳ ವಾದದಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ಪಕ್ಷವಿದೆ, ಡ್ರೆಸ್ಸಿಂಗ್ ರೂಮಿನ ಉಳಿದವರು. 1998ರಲ್ಲಿ ನಾಟಿಂಗ್ಯಾಮ್ ಫಾರೆಸ್ಟ್‌ನ ಪಿಯೆರ್ ವಾನ್ ಹೋಯ್ಡಾಂಕ್, ತನ್ನ ಜೊತೆಗಾರ ಕೆವಿನ್ ಕ್ಯಾಂಪ್‌ಬೆಲ್‌ನನ್ನು ಮಾರಿದರೆಂದು ಸಿಟ್ಟಾಗಿ ಆಡಲು ಬರಲೇ ಇಲ್ಲ. ಹಿಂದಿನ ಋತುವಿನಲ್ಲಿ ಅವನ ಗೋಲುಗಳ ಬಲದಿಂದಲೇ ತಂಡ ಮೇಲಿನ ಲೀಗಿಗೆ ಏರಿತ್ತು. ನವೆಂಬರ್‌ನಲ್ಲಿ ಮರಳಿ ಬಂದು ಡರ್ಬಿ ಕೌಂಟಿ ಎದುರು ಗೋಲು ಹೊಡೆದಾಗ, ಜೊತೆ ಆಟಗಾರರು ಅವನನ್ನು ಬಿಟ್ಟು ಚೆಂಡು ಒದಗಿಸಿದವನನ್ನು ಅಪ್ಪಿಕೊಂಡರು. ಫಾರೆಸ್ಟ್ ಆ ಋತುವಿನ ಕೊನೆಗೆ ಕೆಳಗಿನ ಲೀಗಿಗೆ ಬಿತ್ತು. ಅವನಿಲ್ಲದಿದ್ದರೆ ಗತಿಯಿಲ್ಲ ಎಂಬಂಥ ತಂಡ ಅದು. ಆದ್ದರಿಂದಲೇ ಯಾವ ಷರತ್ತನ್ನೂ ಹಾಕಲಾಗಲಿಲ್ಲ.

ಕಾರ್ಲೋಸ್ ಟೆವೆಜ್‌ನದು ಇದಕ್ಕೆ ತದ್ವಿರುದ್ಧ. 2011ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಬಯರ್ನ್ ಎದುರು ಬೆಂಚಿನಿಂದೇಳಲು ಒಪ್ಪಲಿಲ್ಲವೆಂದು ಮ್ಯಾಂಚೆಸ್ಟರ್ ಸಿಟಿಯ ಕೋಚ್ ರಾಬರ್ಟೊ ಮಾಂಚಿನಿ ಅವನ ಕಥೆ ಮುಗಿಯಿತು ಎಂದಿದ್ದ. ಟೆವೆಜ್ ಹೇಳದೆ ಕೇಳದೆ ಅರ್ಜೆಂಟೀನಾಕ್ಕೆ ಹೋಗಿ ಗಾಲ್ಫ್ ಆಡುತ್ತ ಕೂತ. ಮಾರಲು ನೋಡಿದರು, ಆಗಲಿಲ್ಲ. ಫೆಬ್ರವರಿಯಲ್ಲಿ ಆತ ಕ್ಷಮೆ ಕೇಳಿದ. ಮಾರ್ಚ್‌ನಲ್ಲಿ ಚೆಲ್ಸಿ ಎದುರು ಬದಲಿಯಾಗಿ ಇಳಿದು ಜೊತೆಗಾರ ನಾಸ್ರಿಯ ಗೆಲುವಿನ ಗೋಲಿಗೆ ಚೆಂಡು ಕೊಟ್ಟ. ಏಪ್ರಿಲ್‌ನಲ್ಲಿ ನಾರಿಚ್ ಎದುರು ಹ್ಯಾಟ್ರಿಕ್ ಹೊಡೆದು, ನಾಚಿಕೆಯಿಲ್ಲದೆ ಗಾಲ್ಫ್ ಬೀಸಿನ ನಟನೆ ಮಾಡಿ ಸಂಭ್ರಮಿಸಿದ. ಸಿಟಿ ಗೋಲುಗಳ ಅಂತರದಿಂದ ಲೀಗ್ ಗೆದ್ದಿತು. ಟೆವೆಜ್‌ನ ಸ್ವಭಾವ ಎಳ್ಳಷ್ಟೂ ಬದಲಾಗಿರಲಿಲ್ಲ ಎಂಬುದಕ್ಕೆ ಆ ಗಾಲ್ಫ್ ಬೀಸೇ ಸಾಕ್ಷಿ. ಬದಲಾಗಿದ್ದದ್ದು ಕ್ಲಬ್ಬಿನ ಸ್ಥಿತಿ. ಅಗುವೆರೊ, ಜೆಕೊ, ಬಲೊಟೆಲ್ಲಿ ಮೂವರೂ ಇದ್ದ ತಂಡಕ್ಕೆ ಅವನಿಲ್ಲದೆಯೂ ನಡೆಯುತ್ತಿತ್ತು, ಹೀಗಾಗಿ ಅವನನ್ನು ಬಳಸಿಕೊಳ್ಳಲೂ ಬಂತು.

ಲುಕಾಕು ವಿಷಯದಲ್ಲಿ ಆಮೇಲಾದದ್ದನ್ನು ನೋಡಿ. 2023–24ರಲ್ಲಿ ಇಂಟರ್ ಅವನಿಲ್ಲದೆಯೇ ತನ್ನ ಇಪ್ಪತ್ತನೇ ಪಟ್ಟ ಗೆದ್ದಿತು. 'ಬೇಡ' ಎಂದವರು ಎದೆಯುಬ್ಬಿಸಿದರು. ಮರುವರ್ಷ ಅವನು ನಾಪೊಲಿಗೆ ಹೋದ. ಅಲ್ಲಿ ಕೋಚ್ ಅದೇ ಕಾಂಟೆ. ಹದಿನಾಲ್ಕು ಗೋಲು ಹೊಡೆದ, ಹತ್ತು ಹೊಡೆಸಿದ. 2025ರ ಮೇ 23ರಂದು ಕೊನೆಯ ಪಂದ್ಯದಲ್ಲೂ ಗೋಲು ಹೊಡೆದು ಪಟ್ಟ ಕಟ್ಟಿಸಿಕೊಂಡ. ಎರಡನೇ ಸ್ಥಾನದಲ್ಲಿ, ಒಂದೇ ಒಂದು ಅಂಕ ಹಿಂದೆ, ಇಂಟರ್. ಈಗ 'ಬೇಕು' ಎಂದಿದ್ದವರ ಸರದಿ. ಎರಡೂ ಬಣಕ್ಕೆ ಒಂದೊಂದು ಪಟ್ಟ ಸಾಕ್ಷಿಯಾಗಿ ಸಿಕ್ಕಿತೆಂದರೆ, ಅವರು ಕಾದಾಡುತ್ತಿದ್ದ ಪ್ರಶ್ನೆಯಲ್ಲೇ ಐಬಿತ್ತು. ಅವನು ಚೆನ್ನಾಗಿ ಆಡಿದ್ದು ಅಂಗಿಯ ಬಣ್ಣಕ್ಕಲ್ಲ, ಕಾಂಟೆಯ ಪದ್ಧತಿಗೆ. ಚೆಲ್ಸಿಗಾಗಲಿ ಇಂಟರ್‌ಗಾಗಲಿ ಅವನು ಮರಳಿದ್ದನ್ನು 'ಮನೆಗೆ ಬಂದ' ಎಂದು ಕರೆದರು. ಯಾವ ಕ್ಲಬ್ಬಿನಲ್ಲಿ ಹಿಂದೆಂದೂ ಆಡಿರಲಿಲ್ಲವೋ ಅಲ್ಲೇ ಅವನಿಗೆ ಮನೆ ಸಿಕ್ಕಿತು.

ನನ್ನ ಕೈಯಲ್ಲಿ ಮತವಿದ್ದಿದ್ದರೆ 2021ರಲ್ಲಿ ಚೆಲ್ಸಿಗೆ ಬೇಡ ಎನ್ನುತ್ತಿದ್ದೆ. ಅವನ ಗುಣ ಕಾರಣವಲ್ಲ, ಅಷ್ಟು ದುಡ್ಡು ಸುರಿದಮೇಲೆ ಯಾವ ಕೋಚ್‌ಗೂ ಅವನನ್ನು ನಿಶ್ಚಿಂತೆಯಿಂದ ಬೆಂಚಿನಲ್ಲಿ ಕೂರಿಸಲಾಗುವುದಿಲ್ಲ. 2022ರಲ್ಲಿ ಇಂಟರ್‌ಗೆ ಬೇಕು: ಒಂದೇ ವರ್ಷದ ಎರವಲು, ಪಕ್ಕದಲ್ಲಿ ಜೆಕೊ ಇದ್ದಾನೆ, ಗ್ಯಾಲರಿಯೂ ಷರತ್ತು ಹಾಕಿದೆ. 2023ರಲ್ಲಿ ಮತ್ತೆ ಬೇಡ, ಯುವೆಂಟಸ್ ಸಂಗತಿ ಬಯಲಾಗದೇ ಇದ್ದಿದ್ದರೂ ಬೇಡ. ಅವನಿಗಾಗಲೇ ಮೂವತ್ತು, ಕೊಳ್ಳುವುದಾದರೆ ಚೆಲ್ಸಿಗೆ ಭಾರಿ ಮೊತ್ತ ತೆರಬೇಕು. ತುರಾಮ್‌ಗೆ ಇಪ್ಪತ್ತೈದು, ಒಪ್ಪಂದ ಮುಗಿದಿದ್ದರಿಂದ ಅವನ ಹಳೆಯ ಕ್ಲಬ್ಬಿಗೆ ಒಂದು ಯೂರೊ ಕೊಡಬೇಕಿರಲಿಲ್ಲ.